ಬೇಕರಿ ಮುಂದೆ ಇಬ್ಬರು ಡುಮ್ಮಣ್ಣರು

"ಅಜ್ಜಾ! ನನ್ನ ಲೈಟ್‌ಹೌಸು ಹಲ್ಲಾಗಿಬಿಟ್ಟಿದೆ!"

ಶಾಲೆಯ ಗೇಟಿನ ಹತ್ತಿರ ಕಾರಿನ ಹಿಂದಿನ ಬಾಗಿಲು ತೆರೆದ ಚೂಟಿ ಹಾಗೇ ನಿಂತುಬಿಟ್ಟಳು. ಸೀಟಿನ ಮೇಲೆ ರಟ್ಟಿನ ಪೆಟ್ಟಿಗೆಯೇನೋ ಇತ್ತು. ಆದರೆ ಮುಚ್ಚಳ ತೆಗೆದು ನೋಡಿದರೆ ಒಳಗೆ ಶಾಲೆಯ ಎಕ್ಸಿಬಿಷನ್ನಿಗೆಂದು ಅವಳು ಮಾಡಿದ ಲೈಟ್‌ಹೌಸ್ ಇರಲಿಲ್ಲ. ಗುಲಾಬಿ ಬಣ್ಣದ ವಸಡಿನ ಸಮೇತ ಹಲ್ಲಿನ ಸೆಟ್ಟುಗಳು ಸಾಲಾಗಿ ಕೂತು ಅವಳನ್ನೇ ನೋಡಿ ಹಲ್ಲು ಕಿರಿಯುತ್ತಿದ್ದವು.

ಅಜ್ಜ ಬಗ್ಗಿ ನೋಡಿದ. ಒಂದು ಸಲ ತನ್ನ ಬಾಯಿ ಮುಟ್ಟಿ ನೋಡಿಕೊಂಡ. "ನಂದಂತೂ ಅಲ್ಲ ಕಣೇ. ನನ್ನವು ಇಲ್ಲೇ ಇವೆ."

ಆಮೇಲೆ ಏನೋ ಹೊಳೆದವನಂತೆ ಕಾರಿನ ಹಿಂದೆ ಹೋಗಿ ನಂಬರ್ ಪ್ಲೇಟ್ ನೋಡಿದ. ಅವನ ಮುಖ ಇಷ್ಟೇ ಇಷ್ಟಾಯಿತು.

"ಅಯ್ಯೋ ಚೂಟಿ! ಇದು ನಮ್ಮ ಡುಮ್ಮಣ್ಣ ಅಲ್ವೇ ಅಲ್ಲ!"

ಡುಮ್ಮಣ್ಣ ಅನ್ನುವುದು ಆ ಜಾತಿಯ ಕಾರಿಗೆ ಊರವರೆಲ್ಲ ಇಟ್ಟ ಹೆಸರು. ದುಂಡು ಮೂತಿ, ಉಬ್ಬಿದ ಬೆನ್ನು, ದಪ್ಪ ಹೊಟ್ಟೆ. ಅದನ್ನು ಮಾಡುವ ಕಂಪನಿಯವರು ಎಂಥ ನಿಧಾನಸ್ಥರು ಅಂದರೆ, ಒಂದು ವರ್ಷ ವೈಪರನ್ನು ಸ್ವಲ್ಪ ಉದ್ದ ಮಾಡಿದರು, ಇನ್ನೊಂದು ವರ್ಷ ದೀಪದ ಸುತ್ತಲಿನ ಬಳೆ ಬದಲಾಯಿಸಿದರು, ಅಷ್ಟಕ್ಕೇ ಸುಸ್ತಾಗಿ ಮತ್ತೆ ಹತ್ತು ವರ್ಷ ಸುಮ್ಮನಾದರು. ಅಮ್ಮ ಹುಟ್ಟುವ ಮೊದಲು ತಯಾರಾದ ಡುಮ್ಮಣ್ಣನನ್ನೂ ಚೂಟಿ ಹುಟ್ಟಿದ ವರ್ಷ ತಯಾರಾದ ಡುಮ್ಮಣ್ಣನನ್ನೂ ಪಕ್ಕಪಕ್ಕ ನಿಲ್ಲಿಸಿದರೆ ಅವಳಿ-ಜವಳಿ. ಬಣ್ಣವೂ ಹೆಚ್ಚಿನವಕ್ಕೆ ಒಂದೇ, ಹಾಲಿನ ಕೆನೆಯದು.

"ಆದ್ರೆ ನಮ್ಮ ಕೀಲಿ ಹೇಗೆ ಹಿಡೀತು ಅಜ್ಜಾ?"

"ಕಾರೇ ಬದಲಾಯಿಸದವರು ಬೀಗ ಬದಲಾಯಿಸ್ತಾರಾ? ಮಾಡಿದ್ದೇ ನಾಲ್ಕೈದು ಥರದ್ದು. ಮೇಲಿಂದ ನಮ್ಮ ಕೀಲಿ ಸವೆದೂ ಸವೆದೂ ಈಗ ಊರಿನ ಎಲ್ಲ ಡುಮ್ಮಣ್ಣಂದಿರಿಗೂ ನೆಂಟ."

ಚೂಟಿಗೆ ಈಗ ನೆನಪಾಯಿತು. ಬೇಕರಿಯ ಮುಂದೆ ಬನ್ ಕೊಳ್ಳಲು ನಿಂತಿದ್ದಾಗ ಅಜ್ಜ ಕೀಲಿ ಕೊಟ್ಟು, "ಹೋಗಿ ಕೂತಿರು, ಬಂದೆ" ಅಂದಿದ್ದ. ಅವಳು ಬನ್ನು ಕಚ್ಚುತ್ತಾ ಕುಣಿಯುತ್ತಾ ಹೋಗಿ ಬಾಗಿಲು ತೆಗೆದು ಕೂತಿದ್ದಳು. ಅಜ್ಜ ಬಂದವನು ಅವಳು ಕೂತ ಕಾರಿಗೇ ಹತ್ತಿದ್ದ. "ಸೀಟು ಯಾಕೋ ಮುಂದೆ ಬಂದಿದೆಯಲ್ಲ" ಅಂತ ದಾರಿಯಲ್ಲಿ ಗೊಣಗಿಯೂ ಇದ್ದ. ಮೊಮ್ಮಗಳು ಕೂತಿದ್ದಾಳೆ ಅಂದಮೇಲೆ ಕಾರು ನಮ್ಮದಲ್ಲದೆ ಇನ್ಯಾರದು?

ಇದು ಬರೀ ನಗುವ ವಿಷಯವಾಗಿದ್ದರೆ ಚೂಟಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆದರೆ ಹೋದ ತಿಂಗಳು ಅಜ್ಜ ಕಾರು ಹಿಂದೆ ತೆಗೆಯುವಾಗ ಮನೆಯ ಗೇಟಿನ ಕಂಬಕ್ಕೆ ತಾಗಿಸಿದ್ದ. ಆವತ್ತೇ ಅಮ್ಮ ಹೇಳಿದ್ದಳು: "ಅಪ್ಪಾ, ಇನ್ನೊಂದು ಸಲ ಎಡವಟ್ಟಾದ್ರೆ ಕೀಲಿ ನನ್ನ ಕೈಗೆ. ವಯಸ್ಸಾಯ್ತು, ಇನ್ನು ಸಾಕು." ಅಜ್ಜ ಬಸ್ಸು ಓಡಿಸಿ ರಿಟೈರ್ ಆದವನು. ಮಾತಿಗೊಮ್ಮೆ ಕೀಲಿಯನ್ನು ಬೆರಳಲ್ಲಿ ತಿರುಗಿಸುವ ಅಭ್ಯಾಸ ಅವನಿಗೆ. ಆ ದಿನ ಮಾತ್ರ ತಿರುಗಿಸದೆ, ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಕೂತಿದ್ದ.

"ಅಮ್ಮಂಗೆ ಹೇಳೋದು ಬೇಡ ಅಜ್ಜಾ. ಬೇಗ ಹೋಗಿ ಬದಲಾಯಿಸ್ಕೊಂಡು ಬರೋಣ."

"ಯಾವುದನ್ನ ಬದಲಾಯಿಸಬೇಕಂತೆ?"

ಅಮ್ಮ! ಎಕ್ಸಿಬಿಷನ್ ನೋಡಲೆಂದು ಅರ್ಧ ದಿನ ರಜ ಹಾಕಿ ಬಸ್ಸಿನಲ್ಲಿ ಬಂದು ಅವರ ಬೆನ್ನ ಹಿಂದೆಯೇ ನಿಂತಿದ್ದಳು.

ಅಮ್ಮನಿಗೆ ಪ್ರೆಸ್ಸಿನಲ್ಲಿ ಪುಸ್ತಕ ಅಚ್ಚಾಗುವ ಮೊದಲು ತಪ್ಪು ಹುಡುಕುವ ಕೆಲಸ. ಒಂದು ಪುಟದಲ್ಲಿ ಒಂದು ಚುಕ್ಕಿ ಹೆಚ್ಚಾಗಿದ್ದರೂ ಅವಳ ಕಣ್ಣಿಗೆ ಬೀಳುತ್ತದೆ. ಪೆಟ್ಟಿಗೆ ತುಂಬ ಹಲ್ಲು ಕಾಣದೆ ಇರುತ್ತದೆಯೇ? ಹಲ್ಲು ನೋಡಿದಳು, ನಂಬರ್ ಪ್ಲೇಟ್ ನೋಡಿದಳು, ಕೊನೆಗೆ ಅಜ್ಜನನ್ನು ನೋಡಿದಳು.

"ಅಪ್ಪಾ! ಬೇರೆಯವರ ಕಾರು ಓಡಿಸ್ಕೊಂಡು ಬಂದಿದೀಯಾ? ನಂಬರ್ ನೋಡೋದಲ್ವಾ?"

"ಹೌದಮ್ಮ. ನೋಡ್ಲಿಲ್ಲ. ನನ್ನದೇ ತಪ್ಪು," ಅಂದ ಅಜ್ಜ. ಚೂಟಿಯ ಹೆಸರೇ ಎತ್ತಲಿಲ್ಲ.

ಚೂಟಿಗೆ ತಡೆಯಲಾಗಲಿಲ್ಲ. "ಅಮ್ಮಾ, ಮೊದಲು ಹೋಗಿ ಕೂತಿದ್ದು ನಾನು. ಅಜ್ಜ ನನ್ನ ನೋಡ್ಕೊಂಡು ಹತ್ತಿದ್ದು."

"ನೀನು ಮಗು. ನಿಂಗೆ ಗೊತ್ತಾಗಲ್ಲ. ಗೊತ್ತಾಗ್ಬೇಕಾದವರಿಗೆ ಗೊತ್ತಾಗ್ಬೇಕಿತ್ತು." ಅಮ್ಮ ಕೈ ಚಾಚಿದಳು. "ಕೀಲಿ ಕೊಡು ಅಪ್ಪ. ನಾನು ಹೇಳಿದ್ದೆ."

ಅಜ್ಜ ಕೊಟ್ಟ. ಕೊಟ್ಟ ಮೇಲೆ ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ. ಚೂಟಿಗೆ ಅಳು ಬಂತು. ನಿಜ ಹೇಳಿದರೂ ಏನೂ ಉಪಯೋಗವಾಗದಿದ್ದರೆ ಇನ್ನೇನು ಮಾಡುವುದು ಅಂತ ಅವಳಿಗೆ ತಿಳಿಯಲಿಲ್ಲ.

ಅಮ್ಮನೇ ಕಾರು ಓಡಿಸಿದಳು. ಯಾವಾಗಲೂ ಸ್ಟೀರಿಂಗ್ ಹಿಡಿಯುವ ಅಜ್ಜ ಪಕ್ಕದ ಸೀಟಿನಲ್ಲಿ ಕೂತು ಕಿಟಕಿಯ ಆಚೆ ನೋಡುತ್ತಿದ್ದ. ಹಿಂದೆ ಚೂಟಿ, ಅವಳ ತೊಡೆಯ ಮೇಲೆ ಹಲ್ಲಿನ ಪೆಟ್ಟಿಗೆ. ಪ್ರತಿ ತಿರುವಿನಲ್ಲೂ ಒಳಗೆ ಕಟಕಟ ಅನ್ನುತ್ತಿತ್ತು. ಯಾರಿಗೂ ನಗು ಬರಲಿಲ್ಲ.

ಬೇಕರಿ ಮುಂದೆ ಇಳಿಯುವಷ್ಟರಲ್ಲಿ ಇನ್ನೊಂದು ಡುಮ್ಮಣ್ಣ ಬುಸುಬುಸು ಅನ್ನುತ್ತಾ ಬಂದು ಪಕ್ಕದಲ್ಲೇ ನಿಂತಿತು. ಬಿಳಿ ಕೋಟು ಹಾಕಿಕೊಂಡ ಡಾಕ್ಟರಮ್ಮ ಒಬ್ಬರು ಚೂಟಿಯ ಪೆಟ್ಟಿಗೆ ಹಿಡಿದು ಇಳಿದರು.

"ನನ್ನ ಹಲ್ಲು ನಿಮ್ಮ ಹತ್ರ ಇದೆಯಾ?" ಅಂತ ಕೇಳಿದವರೇ, ಕೇಳಿದ್ದು ಹೇಗಿತ್ತೆಂದು ಗೊತ್ತಾಗಿ ತಾವೇ ನಕ್ಕರು. "ನಾನು ನಿಮ್ಮ ಕಾರು ಹತ್ತಿ ಸೀದಾ ಕ್ಲಿನಿಕ್ಕಿಗೆ ಹೋಗಿದೀನಿ ನೋಡಿ! ತಾತ ಒಬ್ರು ಕಾಯ್ತಾ ಇದ್ರು. 'ಬಾಯಿ ತೆಗೀರಿ ತಾತ, ಹೊಸ ಹಲ್ಲು ಹಾಕ್ತೀನಿ' ಅಂತ ಪೆಟ್ಟಿಗೆಗೆ ಕೈ ಹಾಕಿದ್ರೆ ಲೈಟ್‌ಹೌಸ್! ಪಾಪ, ತಾತ ಹೆದರಿ ಬಾಯಿ ಮುಚ್ಚಿದೋರು ಇನ್ನೂ ತೆಗೆದಿಲ್ಲ."

ಚೂಟಿ ಕಿಸಕ್ಕನೆ ನಕ್ಕಳು. ಅಜ್ಜನೂ ನಕ್ಕ. ಅಮ್ಮನ ತುಟಿ ಒಂದು ಚೂರು ಬಿರಿಯಿತು, ಅಷ್ಟೇ.

ಪೆಟ್ಟಿಗೆಗಳು ಅದಲುಬದಲಾದವು. ಡಾಕ್ಟರಮ್ಮ ಅಜ್ಜನ ಜೊತೆ ಎರಡೂ ಕಾರುಗಳ ಸುತ್ತ ಬಂದರು. "ನಿಮ್ಮದು ಯಾವ ಕಾಲದ್ದು? ನಂದಕ್ಕಿಂತ ಇಪ್ಪತ್ತು ವರ್ಷಕ್ಕೆ ಹಿರಿಯ! ಗೊತ್ತೇ ಆಗಲ್ಲವಲ್ಲ!" ಅಂತ ಬೆರಗಾದರು. ಕೊನೆಗೆ "ಬಂದಿದ್ದೇ ಬಂದೆ, ತಾತನ್ನ ಸಮಾಧಾನ ಮಾಡೋಕೆ ಕೇಕ್ ತಗೊಂಡು ಹೋಗ್ತೀನಿ" ಅಂತ ಬೇಕರಿಯೊಳಗೆ ಹೋದರು.

"ನೋಡಿದ್ಯಾ ಅಮ್ಮಾ? ಡಾಕ್ಟರೇ ಮೋಸ ಹೋದ್ರು!" ಅಂದಳು ಚೂಟಿ.

"ಅವರಿಗೆ ಇದು ಮೊದಲನೇ ಸಲ. ನಿಮ್ಮಜ್ಜನಿಗೆ ಎರಡನೇದು. ನಾಳೆ ಕಂಬಕ್ಕಲ್ಲ, ಯಾರಿಗಾದರೂ ತಾಗಿಸಿದ್ರೆ? ಅಜ್ಜನಿಗೇ ಏನಾದರೂ ಆದ್ರೆ?" ಕೊನೆಯ ಮಾತು ಹೇಳುವಾಗ ಅಮ್ಮ ದನಿ ತಗ್ಗಿಸಿ ಅಜ್ಜನ ಕಡೆ ನೋಡಿದಳು. ಅಮ್ಮನಿಗೆ ಬರೀ ಸಿಟ್ಟು ಅಂದುಕೊಂಡಿದ್ದಳು ಚೂಟಿ. ಭಯವೂ ಇದೆ ಅಂತ ಈಗ ಗೊತ್ತಾಯಿತು.

"ಹೊತ್ತಾಯ್ತು, ಹತ್ತಿ ಹತ್ತಿ," ಅನ್ನುತ್ತಾ ಅಮ್ಮ ದಡದಡ ನಡೆದು, ಬಾಗಿಲು ತೆಗೆದು, ಕೂತು, ಕೀಲಿ ತಿರುಗಿಸಿದಳು. ಡುಮ್ಮಣ್ಣ ಗುರ್ ಅಂದ.

ಚೂಟಿ ಮಾತ್ರ ಹತ್ತಲಿಲ್ಲ. ನಿಂತಲ್ಲೇ ನಂಬರ್ ಪ್ಲೇಟ್ ನೋಡಿದಳು. ಇನ್ನೊಮ್ಮೆ ನೋಡಿದಳು.

ಅಮ್ಮ ಕೂತಿದ್ದು ಡಾಕ್ಟರಮ್ಮನ ಕಾರಿನಲ್ಲಿ!

ಚೂಟಿಯ ಹೊಟ್ಟೆಯಿಂದ ಒಂದು ದೊಡ್ಡ ಕೂಗು ಹೊರಟು ಗಂಟಲವರೆಗೂ ಬಂತು. ತಪ್ಪು ಹುಡುಕುವ ಅಮ್ಮ! ಚುಕ್ಕಿಯನ್ನೂ ಬಿಡದ ಅಮ್ಮ! ಈಗ ಬೇಕರಿಯವರು, ಡಾಕ್ಟರಮ್ಮ, ರಸ್ತೆಯಲ್ಲಿ ಹೋಗುವವರು ಎಲ್ಲರಿಗೂ ಕೇಳುವಂತೆ ಕೂಗಿ ಹೇಳಬೇಕು. ಅಜ್ಜ ಗೆದ್ದ ಅಂತ.

ಅಜ್ಜ ಅವಳ ಹೆಗಲ ಮೇಲೆ ಕೈಯಿಟ್ಟ. ಅವನ ಕಣ್ಣು ನಗುತ್ತಿತ್ತು. ಆದರೂ ಬೆರಳನ್ನು ತುಟಿಗೆ ಒತ್ತಿ, ಮೆಲ್ಲಗೆ ಕಿಟಕಿಯ ಹತ್ತಿರ ಹೋಗಿ ಬಗ್ಗಿದ. ಪಕ್ಕದಲ್ಲೇ ಇದ್ದ ಚೂಟಿಗೂ ಕಷ್ಟಪಟ್ಟರೆ ಕೇಳುವಷ್ಟು ಸಣ್ಣ ದನಿಯಲ್ಲಿ ಹೇಳಿದ: "ಮಗಳೇ, ನಮ್ಮದು ಆ ಕಡೇದು."

ಅಮ್ಮ ಡ್ಯಾಶ್‌ಬೋರ್ಡ್ ನೋಡಿದಳು. ಸೀಟು ನೋಡಿದಳು. ಅವಳ ಮುಖ ಕೆಂಪಾಯಿತು. ಎಂಜಿನ್ ಆರಿಸಿ, ಇಳಿದು, ಸದ್ದಾಗದಂತೆ ಬಾಗಿಲು ಹಾಕಿದಳು. ಬೇಕರಿಯೊಳಗೆ ಡಾಕ್ಟರಮ್ಮ ಇನ್ನೂ ಕೇಕು ಆರಿಸುತ್ತಿದ್ದರು. ಯಾರೂ ನೋಡಿರಲಿಲ್ಲ.

ಅಜ್ಜ ನಗಲಿಲ್ಲ, ಕೆಮ್ಮಲೂ ಇಲ್ಲ. ತಮ್ಮ ಕಾರಿನ ಎಡಗಡೆಯ ಬಾಗಿಲಿಗೆ ಹೋಗಿ, ಪಕ್ಕದ ಸೀಟಿಗೆ ಹತ್ತಲು ಸಿದ್ಧನಾಗಿ ನಿಂತ.

"ಅಪ್ಪಾ," ಅಂದಳು ಅಮ್ಮ. "ಈ ಕಡೆ ಬಾ."

ಕೀಲಿ ಅಜ್ಜನ ಕೈಗೆ ಕೊಟ್ಟಳು. "ಹಿಂದೆ ತೆಗೆಯುವಾಗ ಮಾತ್ರ ನಾನು ಇಳಿದು ನೋಡ್ತೀನಿ. ಆಯ್ತಾ?"

"ಆಯ್ತಮ್ಮ," ಅಂದ ಅಜ್ಜ.

ಅಮ್ಮ ಹಿಂದೆ ನಿಂತು "ಬರ್ಲಿ, ಬರ್ಲಿ, ಸಾಕು" ಅಂತ ಕೈ ಬೀಸಿದಳು. ಡುಮ್ಮಣ್ಣ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೊರಗೆ ಬಂದ.

ಶಾಲೆ ಮುಟ್ಟುವ ಹೊತ್ತಿಗೆ ಎಕ್ಸಿಬಿಷನ್ ಶುರುವಾಗಿತ್ತು. ಚೂಟಿ ಲೈಟ್‌ಹೌಸ್ ಹಿಡಿದು ಓಡಿದಳು, ಹಿಂದೆಯೇ ಅಮ್ಮ, ಅಜ್ಜ. ಕ್ಲಾಸಿನ ಬಾಗಿಲಲ್ಲಿ ಮಿಸ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಗೆಳತಿಯರೆಲ್ಲ ಕತ್ತು ಚಾಚಿ ನೋಡುತ್ತಿದ್ದರು.

"ಏನಮ್ಮ ಇಷ್ಟು ಲೇಟು? ಏನಾಯ್ತು?"

ಎಂಥ ಕತೆ! ಹೇಳಿದ್ದರೆ ಇಡೀ ಕ್ಲಾಸು ಬಿದ್ದು ಬಿದ್ದು ನಗುತ್ತಿತ್ತು. ಚೂಟಿಯ ನಾಲಿಗೆ ತುದಿಯಲ್ಲಿ ಎಲ್ಲವೂ ಸಾಲಾಗಿ ನಿಂತಿತ್ತು. ಅವಳು ತಿರುಗಿ ಅಮ್ಮನ ಮುಖ ನೋಡಿದಳು, ಅಜ್ಜನ ಮುಖ ನೋಡಿದಳು.

"ಏನಿಲ್ಲ ಮಿಸ್," ಅಂದಳು. "ಬೇಕರಿ ಹತ್ರ ತುಂಬಾ ಕಾರು ನಿಂತಿದ್ವು."