ಇಸ್ತ್ರಿ ವಿಭಾಗದ ಸಾಕ್ಷಿ

ಕಾಗದದ ಕೊನೆಯಲ್ಲಿದ್ದ ಸಹಿ ಅವನದೇ. ಎರಡನೇ ಸಲ ನೋಡಿದಳು. ಮೂರನೇ ಸಲ ನೋಡಿದಾಗಲೂ ಅವನದೇ.

‘ಇಸ್ತ್ರಿ ಮೆಷಿನ್ನಿನ ಗಾರ್ಡನ್ನು ಯಾರಿಗೂ ತಿಳಿಸದೆ ನಾನೇ ಕಟ್ಟಿಹಾಕಿದ್ದೆ. ಅಪಘಾತಕ್ಕೆ ನಾನೊಬ್ಬನೇ ಹೊಣೆ. ಇಂತಿ, ಮೆಕ್ಯಾನಿಕ್.’

“ಓದಿದ್ಯಲ್ಲಮ್ಮ, ಸಾಕ್ಷಿ ಅಂತ ಇಲ್ಲೊಂದು ಸಹಿ ಹಾಕು.” ಯಜಮಾನರು ಪೆನ್ನಿನ ಕ್ಯಾಪ್ ತೆಗೆದು ಮುಂದೆ ಚಾಚಿದರು. “ನಾಳೆ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬರ್ತಾರೆ. ಬಂದವರು ಹಾಗೇ ಕೈ ತೊಳ್ಕೊಂಡು ಹೋಗ್ಲಿ.”

“ಇದು ಸುಳ್ಳು, ಸರ್.”

“ಅವನೇ ಬರೆದುಕೊಟ್ಟಿರೋದು. ನಿನಗ್ಯಾಕೆ ಉರಿ?”

ಉರಿ ಇತ್ತು. ಯಾಕೆ ಅನ್ನೋದನ್ನು ಯಜಮಾನರ ಮುಂದೆ ಹೇಳುವ ಹಾಗಿರಲಿಲ್ಲ. ಅವಳು ಪೆನ್ನಿಗೆ ಕ್ಯಾಪ್ ಹಾಕಿ, ಮೇಜಿನ ಮೇಲಿಟ್ಟು, ಹೊರಗೆ ಬಂದಳು.

ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆದುಕೊಡುವ ದೊಡ್ಡ ಲಾಂಡ್ರಿ ಅದು. ದಿನಕ್ಕೆ ಎರಡು ಸಾವಿರ ಬೆಡ್‌ಶೀಟ್ ಇಸ್ತ್ರಿಯಾಗಿ ಹೊರಡಬೇಕು. ಇಬ್ಬರು ಹೆಂಗಸರು ಒದ್ದೆ ಶೀಟಿನ ಎರಡು ತುದಿ ಹಿಡಿದು ಬಿಸಿ ರೋಲರಿನ ಬಾಯಿಗೆ ಕೊಡುತ್ತಾರೆ. ಆ ಬಾಯಿಗೆ ಅಡ್ಡವಾಗಿ ಒಂದು ಉದ್ದನೆಯ ಲೋಹದ ಪಟ್ಟಿ ಇದೆ. ಅದೇ ಗಾರ್ಡ್. ಬೆರಳು ಅದಕ್ಕೆ ತಾಗಿದರೆ ಸಾಕು, ರೋಲರ್ ನಿಲ್ಲಬೇಕು. ಆದರೆ ಗಾರ್ಡಿನ ಸ್ಪ್ರಿಂಗ್ ಸತ್ತು ಯಾವುದೋ ಕಾಲವಾಗಿತ್ತು. ಶೀಟಿನ ದಪ್ಪ ಅಂಚು ತಾಗಿದರೂ ಮೆಷಿನ್ ನಿಂತುಬಿಡುತ್ತಿತ್ತು. ಗಂಟೆಗೆ ಹತ್ತು ಸಲ ನಿಂತರೆ ಲಾರಿ ತುಂಬುವುದು ಯಾವಾಗ? “ಎತ್ತಿ ಕಟ್ಟಿಬಿಡೋ” ಅಂದಿದ್ದರು ಯಜಮಾನರು ಮೆಕ್ಯಾನಿಕ್‌ಗೆ. ಹರಿದ ಶೀಟಿನ ಒಂದು ಪಟ್ಟಿಯಿಂದ ಕಟ್ಟಿದ್ದಾಯಿತು.

ಒಂಬತ್ತು ದಿನದ ಹಿಂದೆ ದೊಡ್ಡಕ್ಕ, ಹದಿನಾಲ್ಕು ವರ್ಷದಿಂದ ಅದೇ ಜಾಗದಲ್ಲಿ ನಿಲ್ಲುವವರು, ಮಡಚಿಕೊಂಡ ಅಂಚನ್ನು ಬಿಡಿಸಲು ಕೈ ಮುಂದೆ ಮಾಡಿದರು. ಮೂರು ಬೆರಳು ರೋಲರಿನೊಳಗೆ ಹೋದವು. ಶೀಟಿನ ಇನ್ನೊಂದು ತುದಿ ಹಿಡಿದಿದ್ದವಳು ಇವಳೇ. ಮೆಷಿನ್ ನಿಲ್ಲಿಸುವ ಕೆಂಪು ಬಟನ್ ಇದ್ದ ಕಂಬ ಆರು ಹೆಜ್ಜೆ ದೂರ. ಆ ಆರು ಹೆಜ್ಜೆಯನ್ನು ಅವಳು ಈಗಲೂ ನಿದ್ದೆಯಲ್ಲಿ ಓಡುತ್ತಾಳೆ.

ಬಾಯ್ಲರ್ ಕೋಣೆಯಲ್ಲಿ ಅವನು ಬೆನ್ನು ತಿರುಗಿಸಿ ವಾಲ್ವ್ ಬಿಗಿಯುತ್ತಿದ್ದ. ಅವಳ ಹೆಜ್ಜೆಯ ಸದ್ದಿಗೇ ಅವನ ಕೈ ನಿಧಾನವಾಯಿತು. ಎಂಟು ತಿಂಗಳಿಂದ ಹೀಗೇ. ಊಟದ ಕೋಣೆಯ ಗೋಡೆಗೆ ಅಂಟಿಸಿದ್ದ ಕಾರ್ಮಿಕ ಸುರಕ್ಷತೆಯ ಕಾನೂನನ್ನು ಅವಳು ಡಬ್ಬಿ ಹಿಡಿದುಕೊಂಡೇ ಓದುವುದನ್ನು ಕಂಡ ದಿನದಿಂದ ‘ಲಾಯರಮ್ಮ’ ಅಂತ ಹೆಸರಿಟ್ಟಿದ್ದ. ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಇಸ್ತ್ರಿ ವಿಭಾಗದ ಹಬೆಯ ಗೇಜ್ ನೋಡಲು ಬರುತ್ತಿದ್ದ. ಗೇಜಿನ ಮುಳ್ಳು ಎಂದೂ ಅಲುಗಿದ್ದಿಲ್ಲ. ಅವನೂ ಅದನ್ನು ಸರಿಯಾಗಿ ನೋಡಿದ್ದಿಲ್ಲ.

“ಬನ್ನಿ ಲಾಯರಮ್ಮ. ಏನು, ನೋಟಿಸ್ ತಂದ್ರಾ?”

“ನೀವು ಬರೆದುಕೊಟ್ಟಿದ್ದು ಓದಿ ಬಂದೆ.”

ಸ್ಪ್ಯಾನರ್ ಕೆಳಗಿಟ್ಟ. ತಿರುಗಿದಾಗ ಅವನ ಮುಖದಲ್ಲಿ ನಗೆ ಇರಲಿಲ್ಲ.

“ಯಾಕೆ ಬರೆದ್ರಿ?”

“ಯಾರದ್ದಾದ್ರೂ ತಪ್ಪು ಅಂತ ಬರೀಲೇಬೇಕಂತೆ. ನನ್ನದಲ್ಲ ಅಂದ್ರೆ ದೊಡ್ಡಕ್ಕನದ್ದು. ಅವರ ಅಜಾಗರೂಕತೆ ಅಂತ ಬರೆದು ಮನೆಗೆ ಕಳಿಸ್ತೀನಿ ಅಂದ್ರು. ಆ ವಯಸ್ಸಲ್ಲಿ, ಆ ಕೈ ಇಟ್ಕೊಂಡು, ಎಲ್ಲಿಗೆ ಹೋಗ್ತಾರೆ ಅವರು? ನಾನಾದ್ರೆ ಎಲ್ಲಾದ್ರೂ ಸ್ಪ್ಯಾನರ್ ಹಿಡಿದು ಬದುಕ್ತೀನಿ.”

ಈ ಮನುಷ್ಯ ಇಷ್ಟು ಒಳ್ಳೆಯವನಾಗಿರುವುದು, ಇಷ್ಟು ದಡ್ಡನಾಗಿರುವುದು, ಎರಡೂ ಒಟ್ಟಿಗೇ ಅವಳ ಎದೆಗೆ ಬಂದು ತಾಗಿದವು.

“ನಿಮ್ಮ ತ್ಯಾಗ ಯಾರಿಗೆ ಬೇಕಿತ್ತು?”

“ಬೈಯೋದಾದ್ರೆ ಸ್ವಲ್ಪ ಮೆಲ್ಲಗೆ ಬೈರಿ. ಬಾಯ್ಲರ್‌ಗೆ ಭಯ ಆಗುತ್ತೆ.”

“ತಮಾಷೆ ಬೇಡ. ಸ್ಪ್ರಿಂಗ್ ಏನಾಯ್ತು?”

“ಯಾವ...”

“ಗಾರ್ಡಿನ ಸ್ಪ್ರಿಂಗ್! ತಪ್ಪು ನಿಮ್ಮದು ಅಂತಾದ್ಮೇಲೆ ಹೊಸದು ಯಾಕೆ ತರಿಸ್ತಾರೆ? ನಿಮ್ಮನ್ನ ಕಳಿಸ್ತಾರೆ. ಇನ್ನೊಬ್ಬ ಮೆಕ್ಯಾನಿಕ್ ಬರ್ತಾನೆ. ಅವನಿಗೂ ‘ಎತ್ತಿ ಕಟ್ಟೋ’ ಅಂತಾರೆ. ದೊಡ್ಡಕ್ಕನ ಜಾಗದಲ್ಲಿ ಈಗ ಯಾರು ನಿಂತಿದಾರೆ, ಗೊತ್ತಾ?”

ಗೊತ್ತಿತ್ತು. ದಿನಾ ಹನ್ನೊಂದಕ್ಕೆ ನೋಡುತ್ತಿದ್ದನಲ್ಲ. ಅವನ ಕಣ್ಣು ಅವಳ ಮುಖದಿಂದ ಅವಳ ಕೈಗಿಳಿಯಿತು. ಒದ್ದೆ ಬಟ್ಟೆ ಹಿಡಿದು ಹಿಡಿದು ಸುಕ್ಕಾದ ಹತ್ತು ಬೆರಳು. ಅವನ ಮುಖ ಬಿಳಿಚಿಕೊಂಡಿತು.

“ಇದನ್ನ ನಾನು ಯೋಚನೆ ಮಾಡ್ಲೇ ಇಲ್ಲ,” ಅಂದ ಮೆತ್ತಗೆ.

“ಈಗ ಮಾಡಿ.”

“ಆದ್ರೆ ಕಟ್ಟಿದ್ದು ನಾನೇ ತಾನೆ? ಅದು ಸುಳ್ಳಲ್ವಲ್ಲ.”

“ಅಲ್ಲ. ಅದನ್ನೂ ಹೇಳಿ. ಯಾರು ಹೇಳಿದ್ದಕ್ಕೆ ಕಟ್ಟಿದ್ರಿ, ಅದನ್ನೂ ಹೇಳಿ. ಪೂರ್ತಿ ಹೇಳಿ. ಅರ್ಧ ಸತ್ಯ ಅವರಿಗೆ ಬೇಕಾಗಿರೋದು, ನಮಗಲ್ಲ.”

ಅವನು ಗೋಡೆಯ ಮೊಳೆಗೆ ತೂಗುಹಾಕಿದ್ದ ರಿಪೇರಿ ರಿಜಿಸ್ಟರ್ ತೆಗೆದು, ಧೂಳು ಒರೆಸಿ ಅವಳ ಕೈಗಿಟ್ಟ. ಗಾರ್ಡಿಗೆ ಹೊಸ ಸ್ಪ್ರಿಂಗ್ ಬೇಕು ಅಂತ ಮೂರು ಸಲ ಬರೆದಿದ್ದ, ಮೂರು ಬೇರೆ ಬೇರೆ ತಿಂಗಳಲ್ಲಿ. ಮೂರೂ ಕಡೆ ಪಕ್ಕದಲ್ಲಿ ‘ನೋಡಿದೆ’ ಅಂತ ಯಜಮಾನರ ಸಹಿ. ತಿಂಗಳ ಕೊನೆಗೆ ಕೂತು ಎಲ್ಲ ಪುಟಕ್ಕೂ ಒಂದೇ ಉಸಿರಿನಲ್ಲಿ ಸಹಿ ಗೀಚುವುದು ಅವರ ಅಭ್ಯಾಸ. ಓದುವ ಅಭ್ಯಾಸ ಇರಲಿಲ್ಲ.

ಅವಳು ತಲೆಯೆತ್ತಿದಳು. “ಇದು ಇಲ್ಲೇ ನೇತಾಡ್ತಿತ್ತಾ?”

“ಯಾರೂ ಕೇಳ್ಲಿಲ್ಲ.”

“ನಿಮ್ಮನ್ನ...” ಅಂದವಳು ಮುಂದಿನ ಮಾತು ನುಂಗಿಕೊಂಡಳು. ಅದು ಬೈಗುಳವಾಗಿತ್ತೋ ಬೇರೇನೋ, ಅವನಿಗೆ ತಿಳಿಯಲಿಲ್ಲ. ಕಿವಿ ಮಾತ್ರ ಕೆಂಪಾಯಿತು.

ಸಂಜೆ ಅವಳು ದೊಡ್ಡಕ್ಕನ ಮನೆಗೆ ಹೋದಳು. ಕೆಲಸ ದೊಡ್ಡಕ್ಕನದು, ಕೈ ದೊಡ್ಡಕ್ಕನದು. ಅವರನ್ನು ಕೇಳದೆ ಏನೂ ಮಾಡುವ ಹಾಗಿರಲಿಲ್ಲ. ಬ್ಯಾಂಡೇಜ್ ಸುತ್ತಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡೇ ದೊಡ್ಡಕ್ಕ ಎಲ್ಲ ಕೇಳಿಸಿಕೊಂಡರು.

“ನನ್ನ ಹೆಸರು ಹೇಳ್ಕೊಂಡು ಯಾರೂ ಸುಳ್ಳು ಬರೆಯೋದು ಬೇಡ ಕಣೇ. ಕೆಲಸ ಹೋದ್ರೆ ಹೋಗ್ಲಿ, ಇನ್ನೊಬ್ಬಳ ಬೆರಳು ಹೋಗಬಾರದು.” ಆಮೇಲೆ ಕಣ್ಣು ಕಿರಿದು ಮಾಡಿದರು. “ಅದಿರ್ಲಿ, ಆ ಮೆಕ್ಯಾನಿಕ್ ವಿಷಯ ಮಾತಾಡುವಾಗ ನಿನ್ನ ದನಿ ಯಾಕೆ ಎರಡು ಮೆಟ್ಟಿಲು ಮೇಲೆ ಹೋಗುತ್ತೆ?”

“ಸಿಟ್ಟು ದೊಡ್ಡಕ್ಕ.”

“ಹೂಂ, ಸಿಟ್ಟೇ. ನಿಮ್ಮ ಭಾವನ ಮೇಲೆ ನನಗೂ ಹಿಂಗೇ ಸಿಟ್ಟು ಶುರುವಾಗಿದ್ದು.”

ಮರುದಿನ ಬೆಳಿಗ್ಗೆ ಬಂದ ಇನ್‌ಸ್ಪೆಕ್ಟರ್ ನಿವೃತ್ತಿ ಹತ್ತಿರವಿದ್ದ, ಕನ್ನಡಕವನ್ನು ದಾರಕ್ಕೆ ಕಟ್ಟಿಕೊಂಡಿದ್ದ ಹೆಂಗಸು. ಕಾಫಿ ಬೇಡ ಅಂದರು. ಕುರ್ಚಿಯೂ ಬೇಡ ಅಂದರು. ಟೇಪ್ ತೆಗೆದು ರೋಲರಿನಿಂದ ಕೆಂಪು ಬಟನ್ನಿನವರೆಗೆ ಅಳೆದರು. ಗಾರ್ಡಿಗೆ ಕಟ್ಟಿದ್ದ ಬಟ್ಟೆಯ ಗಂಟಿನ ಫೋಟೋ ತೆಗೆದರು. ಮೆಷಿನ್ ನಿಲ್ಲಿಸಿ, ಸ್ವಿಚ್ಚಿಗೆ ಬೀಗ ಹಾಕಿಸಿ, ಗಾರ್ಡ್ ಸರಿಯಾಗುವವರೆಗೆ ಓಡಿಸಕೂಡದು ಅಂತ ಚೀಟಿ ಅಂಟಿಸಿದರು. ಆಮೇಲೆ ಶೀಟ್ ಮಡಚುವ ಮೇಜಿನ ಮೇಲೇ ಫಾರಂ ಹರಡಿಕೊಂಡರು.

“ಮೇಡಂ, ಮೆಕ್ಯಾನಿಕ್ ಒಪ್ಪಿ ಬರೆದುಕೊಟ್ಟಿದಾನೆ,” ಯಜಮಾನರು ಕಾಗದ ಮುಂದಿಟ್ಟರು.

ಮೆಕ್ಯಾನಿಕ್ ಒಂದು ಹೆಜ್ಜೆ ಮುಂದೆ ಬಂದ. “ಅದು ಅರ್ಧ, ಮೇಡಂ. ಇನ್ನರ್ಧ ಇಲ್ಲಿದೆ.” ರಿಜಿಸ್ಟರ್ ತೆರೆದಿಟ್ಟ. “ಕಟ್ಟಿದ್ದು ನಾನು. ಕಟ್ಟು ಅಂದಿದ್ದು ಯಜಮಾನ್ರು. ಸ್ಪ್ರಿಂಗ್ ಬೇಕು ಅಂತ ಮೂರು ಸಲ ಕೇಳಿದೀನಿ. ನಾನು ಕಟ್ಟಬಾರದಿತ್ತು. ಅದನ್ನೂ ಬರ್ಕೊಳ್ಳಿ.”

“ಲೇ! ನಾಳೆಯಿಂದ ಗೇಟಿನೊಳಗೆ ಕಾಲಿಡು, ನೋಡ್ತೀನಿ.”

“ಇಡ್ತಾರೆ,” ಅಂದರು ಇನ್‌ಸ್ಪೆಕ್ಟರ್, ತಲೆಯೆತ್ತದೆ. “ನಿಜ ಹೇಳಿದ್ದಕ್ಕೆ ಕೆಲಸದಿಂದ ತೆಗೆದರೆ ಅದು ಎರಡನೇ ಕೇಸ್. ಮೆಷಿನ್ನಿಗೆ ಗಾರ್ಡ್ ಇರೋ ಹಾಗೆ, ಅದು ಕೆಲಸ ಮಾಡೋ ಹಾಗೆ ನೋಡ್ಕೊಳ್ಳೋದು ಮಾಲೀಕರ ಕರ್ತವ್ಯ. ಕೆಲಸಗಾರರ ಸಹಿ ಹಾಕಿಸ್ಕೊಂಡ್ರೆ ಅದು ನಿಮ್ಮ ಹೆಗಲಿಂದ ಇಳಿಯಲ್ಲ. ಗಾಯಗೊಂಡ ಹೆಂಗಸನ್ನ ಮನೆಗೆ ಕಳಿಸೋಕೂ ಆಗಲ್ಲ. ಇದು ನಿಮ್ಮದೇ ಸಹಿ ತಾನೆ, ‘ನೋಡಿದೆ’ ಅಂತ?”

ಯಜಮಾನರು ರಿಜಿಸ್ಟರನ್ನು ಜೀವಮಾನದಲ್ಲಿ ಮೊದಲ ಸಲ ಓದಿದರು.

“ಕಣ್ಣಾರೆ ಕಂಡವರು ಯಾರು?” ಇನ್‌ಸ್ಪೆಕ್ಟರ್ ಕೇಳಿದರು.

“ನಾನು,” ಅಂದಳು ಅವಳು. ಮಡಚಿಕೊಂಡ ಅಂಚಿನಿಂದ ಹಿಡಿದು ಆರು ಹೆಜ್ಜೆಯವರೆಗೆ ಎಲ್ಲ ಹೇಳಿದಳು. ಇನ್‌ಸ್ಪೆಕ್ಟರ್ ಬರೆಯುತ್ತಾ ಹೋದರು. ಕೊನೆಯ ಕಾಲಮ್ಮಿಗೆ ಬಂದಾಗ ಪೆನ್ನು ನಿಂತಿತು.

“ಸಾಕ್ಷಿಗೂ ಮೆಕ್ಯಾನಿಕ್‌ಗೂ ಏನಾದರೂ ಸಂಬಂಧ ಇದೆಯಾ?”

ಯಜಮಾನರು ಚಿಗುರಿಕೊಂಡರು. “ಕೇಳಿ ಮೇಡಂ, ಅದನ್ನ ಚೆನ್ನಾಗಿ ಕೇಳಿ!”

‘ಇಲ್ಲ’ ಅಂದರೆ ಮುಗಿಯುತ್ತಿತ್ತು. ಆದರೆ ಪೂರ್ತಿ ಹೇಳಿ ಅಂತ ನಿನ್ನೆ ಅವನಿಗೆ ಬುದ್ಧಿ ಹೇಳಿದವಳು ಅವಳೇ. ಇಂದು ತನ್ನ ಪಾಲಿನ ಅರ್ಧವನ್ನು ಮುಚ್ಚಿಟ್ಟುಕೊಳ್ಳುವುದು ಹೇಗೆ?

“ಇದೆ ಮೇಡಂ. ನನ್ನ ಕಡೆಯಿಂದ ಇದೆ. ಅವರಿಗೆ ಇನ್ನೂ ಹೇಳಿಲ್ಲ.”

ಅವನು ಅವಳನ್ನೇ ನೋಡುತ್ತಿದ್ದ. ಈ ಸಲ ಗೇಜಿನ ನೆಪವೂ ಇರಲಿಲ್ಲ.

“ನನ್ನ ಕಡೆಯಿಂದಲೂ ಬರ್ಕೊಳ್ಳಿ ಮೇಡಂ,” ಅಂದ. “ಎಂಟು ತಿಂಗಳಿಂದ.”

ಇನ್‌ಸ್ಪೆಕ್ಟರ್ ಕನ್ನಡಕ ಸರಿಮಾಡಿಕೊಂಡರು. “ಸಂಬಂಧ ಇದ್ದರೆ ಸಾಕ್ಷಿ ಬಿದ್ದುಹೋಗಲ್ಲ. ಮುಚ್ಚಿಟ್ಟಿದ್ರೆ ಬೀಳ್ತಿತ್ತು. ಆದ್ರೆ ಈ ಕಾಲಮ್ಮಿಗೆ ತಿಂಗಳ ಲೆಕ್ಕ ಬೇಡ. ಏನಾಗಬೇಕು ಅಂತ ಒಂದೇ ಮಾತಲ್ಲಿ ಹೇಳಿ.”

“‘ಮದುವೆಯಾಗುವವರು’ ಅಂತ ಬರೀಬಹುದಾ?” ಅಂದ ಅವನು. ಕೇಳಿದ್ದು ಇನ್‌ಸ್ಪೆಕ್ಟರನ್ನು, ಕಣ್ಣು ಇದ್ದದ್ದು ಅವಳ ಮೇಲೆ.

“ಹೇಳಿಕೆ ಸಾಕ್ಷಿಯದು. ಅವರೇ ಹೇಳಬೇಕು. ಏನಮ್ಮ, ಬರೀಲಾ?”

“ಬರೀರಿ ಮೇಡಂ,” ಅಂದಳು.

ಮೆಲ್ಲಗೇ ಹೇಳಿದ್ದಳು. ಆದರೆ ಮೆಷಿನ್ ನಿಂತಿತ್ತಲ್ಲ, ಇಡೀ ವಿಭಾಗಕ್ಕೇ ಕೇಳಿಸಿತು.