ಹತ್ತೊಂಬತ್ತು ವರ್ಷದ ಸರದಿ

ಖಾಲಿ ಬಾಡಿಗೆ ಮನೆ ನೋಡಲು ಬಂದವರು ಬಾಗಿಲ ಬಳಿ ಸಾಲಾಗಿ ಬಿಟ್ಟಿದ್ದ ಶೂಗಳ ನಡುವೆ ಟೋರ್ಕೆಲ್‌ನ ಶೂ ಕಂಡು ತನ್ನ ಶೂ ಬಿಚ್ಚಿಟ್ಟ ಟಿಲ್ಡಾ ಅಲ್ಲೇ ನಿಂತುಬಿಟ್ಟಳು. ಒಂದಕ್ಕೆ ಕಪ್ಪು ಲೇಸು, ಇನ್ನೊಂದಕ್ಕೆ ಕಂದು. ಕಂದು ಲೇಸನ್ನು ಹೋದ ವಾರ ಅವಳೇ ಪೋಣಿಸಿ, "ಇಂಥ ಶೂ ಹಾಕಿದವನನ್ನ ಬೇರೆ ಯಾವಳೂ ನೋಡಲ್ಲ ಬಿಡು" ಎಂದು ರೇಗಿಸಿದ್ದಳು. ಬೆಳಿಗ್ಗೆ ಅವನು ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇನೆ ಅಂದಿದ್ದ. ಅವಳು ಆಫೀಸಿನಲ್ಲಿ ಮೀಟಿಂಗ್ ಅಂದಿದ್ದಳು.

ಸ್ಟಾಕ್‌ಹೋಮ್‌ನಲ್ಲಿ ಗಂಡು ಸಿಕ್ಕರೂ ಸಿಗಬಹುದು, ಬಾಡಿಗೆಗೆ ಮನೆ ಸಿಗುವುದಿಲ್ಲ. ಹೆಚ್ಚು ವರ್ಷ ಕಾದವರಿಗೇ ಮೊದಲ ಅವಕಾಶ; ಹದಿನೆಂಟು ತುಂಬಿದ ದಿನವೇ ನಗರದ ಬಾಡಿಗೆ ಮನೆಗಳ ಸರದಿಯಲ್ಲಿ ಹೆಸರು ಬರೆಸಿದವರಿಗೆ ತಲೆ ನರೆಯುವುದರೊಳಗೆ ಒಂದು ಬಾಗಿಲು ದಕ್ಕಿದರೆ ಪುಣ್ಯ. ಟಿಲ್ಡಾಳ ಹೆಸರು ಬರೆಸಿದವಳು ಅವಳಮ್ಮ. ಮೂವರು ಗಂಡಸರ ಮನೆಯಿಂದ ಮೂರು ಸಲ ಪೆಟ್ಟಿಗೆ ಹಿಡಿದು ಹೊರಬಿದ್ದಿದ್ದ ಹೆಂಗಸು ಮಗಳ ಹುಟ್ಟುಹಬ್ಬಕ್ಕೆ ಕೊಟ್ಟ ಉಡುಗೊರೆ ಅದು. ಈಗ ಅದಕ್ಕೆ ಹತ್ತೊಂಬತ್ತು ವರ್ಷ. ಆದರೆ ಒಂದು ಮನೆಗೆ ಸಹಿ ಹಾಕಿದರೆ ಅಷ್ಟೂ ವರ್ಷ ಸೊನ್ನೆ. ಮತ್ತೆ ಮೊದಲ ದಿನದಿಂದ ಕಾಯಬೇಕು.

ಅದಕ್ಕೇ ಅವಳು ಸುಳ್ಳು ಹೇಳಿದ್ದಳು. ಇಬ್ಬರೂ ಇದ್ದ ಮನೆ ಬೇರೆಯವರದು, ಮುಂದಿನ ತಿಂಗಳು ಬಿಡಬೇಕಿತ್ತು. ಯಾರ ಸರದಿ ಬಳಸೋಣ ಎಂಬ ಮಾತು ಬಂದಾಗ, ತನ್ನದು ನವೀಕರಿಸದೆ ಎಂದೋ ರದ್ದಾಯಿತು ಅಂದುಬಿಟ್ಟಳು. ಅವನು ಅವಳ ಮೂಗಿನ ತುದಿ ಹಿಂಡಿ, "ಮರೆಗುಳಿ, ನನ್ನ ಹದಿನೇಳು ವರ್ಷ ಇದ್ಯಲ್ಲ, ಇಬ್ಬರಿಗೂ ಸಾಕು" ಅಂದಿದ್ದ. ಆ ನಗು ನೆನಪಾದಾಗಲೆಲ್ಲ ಅವಳಿಗೆ ಅನ್ನನೀರು ಸೇರುತ್ತಿರಲಿಲ್ಲ. ಆದರೂ ಒಂಟಿ ಕೋಣೆಯ ಈ ಮನೆಗೆ ಗುಟ್ಟಾಗಿ ಅರ್ಜಿ ಹಾಕಿದ್ದಳು. ಸಿಕ್ಕರೆ ಒಪ್ಪುತ್ತಾಳೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. ತನಗೂ ಒಂದು ಬಾಗಿಲು ಸಿಗುತ್ತದೆಯೇ ಎಂದು ತಿಳಿಯಬೇಕಿತ್ತು, ಅಷ್ಟೇ.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅವಳು ಬಗ್ಗಿ, ಬಿಚ್ಚಿದ ಶೂ ಮತ್ತೆ ಹಾಕಿಕೊಳ್ಳುತ್ತಿರುವಾಗಲೇ ಮನೆ ತೋರಿಸಲು ಬಂದಿದ್ದ ಹೆಂಗಸು ಪಟ್ಟಿ ಹಿಡಿದು ಗಟ್ಟಿಯಾಗಿ ಓದಿದಳು. ಮೊದಲನೆಯವರು ಟಿಲ್ಡಾ ಸ್ಯಾಂಡೆಲ್, ಹತ್ತೊಂಬತ್ತು ವರ್ಷ. ಎರಡನೆಯವರು ಟೋರ್ಕೆಲ್ ವಿಕ್, ಹದಿನೇಳು.

ಕಿಟಕಿಯ ಕೆಳಗೆ ಅಳತೆಯ ಟೇಪು ಹಿಡಿದು ಮಂಡಿಯೂರಿದ್ದ ಟೋರ್ಕೆಲ್ ತಿರುಗಿ ನೋಡಿದ. ಅವಳನ್ನು ಕಂಡು ಮೊದಲು ಅವನ ಮುಖ ಅರಳಿತು. ಕಣ್ಣು ಕಿರಿದಾಗಿಸಿ, ಸಿಕ್ಕಿಬಿದ್ದೆಯಾ ಎನ್ನುವಂತೆ ತುಂಟತನದಿಂದ ನೋಡಿದ. ಆಮೇಲೆ, ಕಿವಿಗೆ ಬಿದ್ದದ್ದು ತಲೆಗೆ ಹೋಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಆ ನಗು ಆರಿಹೋದದ್ದನ್ನು, ಒಂದು ಕಾಲಿಗೆ ಮಾತ್ರ ಶೂ ಹಾಕಿಕೊಂಡು, ಏಳೆಂಟು ಅಪರಿಚಿತರ ಎದುರು ನಿಂತು ನೋಡಬೇಕಾಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಆಮೇಲೆ ಖುಷಿಪಡಿಸೋಣ ಅಂತ ನಿಂಗೆ ಹೇಳದೆ ಬಂದೆ," ಅಂದ ಅವನು, ಹತ್ತಿರ ಬಂದು, ತಗ್ಗಿದ ದನಿಯಲ್ಲಿ. "ಕೋಣೆ ಒಂದೇ, ಆದ್ರೆ ಕಿಟಕಿಯಿಂದ ನೀರು ಕಾಣತ್ತೆ. ನಮ್ಮ ಮಂಚ ಹಿಡಿಯತ್ತಾ ಅಂತ ಅಳೀತಿದ್ದೆ."

ಅವನು ಮೆಟ್ಟಿಲಿಳಿದು ಹೋದ. ಒಂದು ಕಾಲಲ್ಲಿ ಶೂ, ಇನ್ನೊಂದರಲ್ಲಿ ಬರೀ ಕಾಲುಚೀಲ, ಟಿಲ್ಡಾ ಹಾಗೇ ಹಿಂದೆ ಓಡಿದಳು. ಎರಡನೇ ಮಹಡಿಯ ತಿರುವಿನಲ್ಲಿ ಅವನು ನಿಂತ.

"ನಿನ್ನ ವರ್ಷ ಹೋಗ್ಲಿ, ನಂದು ಉಳೀಲಿ ಅಂದ್ಕೊಂಡೆ," ಅಂದಳು. "ನೀನು ಒಂದಿನ ಹೊರಗೆ ಹಾಕಿದ್ರೆ ಅಂತ ಭಯ. ನಿನ್ನ ಪ್ರೀತಿಸ್ತೀನಿ, ಟೋರ್ಕೆಲ್. ಪ್ರೀತಿಸ್ತಾನೇ ಇಂಥ ಕೆಲಸ ಮಾಡ್ದೆ. ನಾಚಿಕೆ ಆಗ್ತಿದೆ."

"ಭಯ ಅಂತ ಹೇಳಿದ್ರೆ, ಇಟ್ಕೋ ನಿಂದು ಅಂತಿದ್ದೆನಲ್ಲೇ." ಅವನು ಮೇಲಿನ ಬಾಗಿಲ ಕಡೆ ಕೈ ತೋರಿದ. "ಈಗ್ಲೂ ಅಷ್ಟೇ. ಹೋಗಿ ಬೇಡ ಅಂದ್ಬಿಡು. ಮನೆ ನಂಗೆ ಬರತ್ತೆ, ನಿನ್ನ ವರ್ಷ ಹಾಗೇ ಇರತ್ತೆ."

ಅವಳು ಬಯಸಿದ್ದೆಲ್ಲ ಅದೇ. ಅದನ್ನು ಅವನು ಕೈಯೆತ್ತಿ ಕೊಡುತ್ತಿದ್ದ, ಇಷ್ಟಾದ ಮೇಲೂ. ಅದಕ್ಕಿಂತ ದೊಡ್ಡ ಮಂಗಳಾರತಿ ಬೇಕಿರಲಿಲ್ಲ. ಟಿಲ್ಡಾ ತಿರುಗಿ ಮೆಟ್ಟಿಲು ಹತ್ತಿದಳು. ಪಟ್ಟಿಯ ಹೆಂಗಸಿಗೆ ಮನೆ ಬೇಕೆಂದಳು, ಸಹಿ ತನ್ನದೇ ಎಂದಳು, ಬಾಗಿಲ ಮೇಲೆ ಎರಡು ಹೆಸರು ಬರೆಸಬಹುದೇ ಎಂದು ಕೇಳಿದಳು. ನಾಳೆಯವರೆಗೂ ಯೋಚಿಸಬಹುದು ಎಂದು ಆಕೆ ಹೇಳಿದರೂ ಕೇಳಲಿಲ್ಲ. ಪೆನ್ನು ಹಿಡಿದಾಗ ಅಮ್ಮನ ಪೆಟ್ಟಿಗೆ ಕಣ್ಣ ಮುಂದೆ ಬಂತು. ಆದರೂ ಸಹಿ ಹಾಕಿದಳು.

ತಲೆ ಎತ್ತಿದಾಗ ಟೋರ್ಕೆಲ್ ಬಾಗಿಲಲ್ಲಿ ನಿಂತಿದ್ದ. ಈಗ ಸರದಿ ಉಳಿದಿದ್ದು ಅವನಿಗೆ ಮಾತ್ರ, ಎಲ್ಲಿಗೆ ಬೇಕಾದರೂ ಹೋಗಬಲ್ಲವನು ಅವನೊಬ್ಬನೇ. ಅದು ಇಬ್ಬರಿಗೂ ಗೊತ್ತಿತ್ತು.

"ನಾಳೆ ಜಗಳ ಆದ್ರೆ ಎಲ್ಲಿಗೆ ಹೋಗ್ತೀಯ?" ಅಂದ.

"ಅಡುಗೆಮನೆಗೆ. ಬೇರೆ ಕೋಣೆ ಎಲ್ಲಿದೆ?"

ಅವನು ಬಗ್ಗಿ ತನ್ನ ಶೂ ಬಿಚ್ಚತೊಡಗಿದ.

"ಅಡುಗೆಮನೆ ನಂಗೆ ಬೇಕು," ಅಂದ. "ಇನ್ನೊಂದು ವಾರ ನಂಗೆ ಕೋಪ ಇರತ್ತೆ. ನೀನು ಬಾತ್‌ರೂಮಿಗೆ ಹೋಗು."

ಟಿಲ್ಡಾ ಅಳುತ್ತಲೇ ಹೂಂ ಅಂದಳು.