ನೀಲಿ, ಹಳದಿ, ಹಳದಿ, ನೀಲಿ

ಇನ್‌ಹೇಲರ್ ಟೀಪಾಯಿಯ ಮೇಲೇ ಇತ್ತು. ಸಂಘಮಿತ್ರಾ ಇರಲಿಲ್ಲ.

ಉಬ್ಬಸದ ಹುಡುಗಿ. ಅಕ್ಕಪಕ್ಕದ ರಸ್ತೆಗೆ ಹೋಗುವಾಗ ಮಾತ್ರ ಅದನ್ನು ಬಿಟ್ಟು ಹೋಗುತ್ತಿದ್ದಳು. "ಈಗ್ ಬಂದೆ ಕಣಮ್ಮ" ಎಂದು ಸಂಜೆ ಹೊರಟವಳು ಬೆಳಗಾದರೂ ಬರಲಿಲ್ಲ. ತಾಯಿ ಮುನಿತಾಯಮ್ಮ ಇನ್‌ಹೇಲರನ್ನು ಮುಷ್ಟಿಯಲ್ಲಿ ಹಿಡಿದು ಬಸವೇಶ್ವರನಗರದ ಠಾಣೆಗೆ ಓಡಿದಳು. ಅಲ್ಲಿದ್ದಾಗಲೇ ಮಗಳ ಫೋನ್ ಬಂತು.

"ಅಮ್ಮಾ, ಮೈಸೂರಿಗೆ ಬಂದಿದೀನಿ. ಗಾಬರಿ ಆಗ್ಬೇಡ." ಮಾತಿಗಿಂತ ಏದುಸಿರೇ ಹೆಚ್ಚು. "ಸೀರೆ ಇಸ್ತ್ರಿಗೆ ಕೊಡು. ಮೊದ್ಲು ನೀಲಿ, ಆಮೇಲೆ ಹಳದಿ, ಹಳದಿ, ಕೊನೇಗೆ ನೀಲಿ."

ಫೋನ್ ಆಫ್ ಆಯಿತು.

"ಮೈಸೂರಲ್ಲ" ಎಂದಳು ಎಸ್‌ಐ ನೀಲಾಂಬಿಕಾ, ಟವರ್ ವಿವರ ತರಿಸಿಕೊಂಡು. "ಇದೇ ಏರಿಯಾ. ಆದ್ರೆ ಸಾವಿರಾರು ಮನೆ ಇದಾವೆ. ಯಾವುದಕ್ಕೆ ಅಂತ ನುಗ್ಗೋದು?"

"ಮೇಡಂ, ಇಸ್ತ್ರಿ ಗಾಡಿ ನಡೆಸೋಳೇ ನಾನು. ನಾನ್ ಯಾರಿಗೆ ಇಸ್ತ್ರಿಗೆ ಕೊಡ್ಲಿ?" ಎಂದಳು ಮುನಿತಾಯಮ್ಮ. "ಪಕ್ಕದಲ್ಲಿ ಯಾರೋ ನಿಂತ್ಕೊಂಡು ಹೇಳಿಸ್ತಾ ಇದಾರೆ. ನನ್ನ ಮಗು ಉಸಿರಿಗೆ ಒದ್ದಾಡ್ತಾ ಇದೆ."

*

ಕೊನೆಯ ಸಲ ಸಂಘಮಿತ್ರಾಳೊಡನೆ ಕಾಣಿಸಿಕೊಂಡವನು ಹನುಮೇಶ. ಕೊಪ್ಪಳದ ಹುಡುಗ, ಊಟದ ಡೆಲಿವರಿ ಮಾಡುವವನು. ಗಾಡಿಯ ಹತ್ತಿರ ಇಬ್ಬರೂ ಜಗಳವಾಡಿದ್ದನ್ನು ನೋಡಿದವರಿದ್ದರು. ಠಾಣೆಗೆ ಎಳೆದು ತಂದರು.

"ಜಗಳ ಬಾಣದ ಸಲುವಾಗಿ ರೀ" ಎಂದ ಹನುಮೇಶ, ಬೆವರುತ್ತ. "ರಸ್ತೆ ಅಗದಾಗಿಂದ ಆ ಬಡಾವಣ್ಯಾಗ ಎಲ್ಲಾ ಒನ್‌ವೇ. ಐದು ಮೂಲಿ ಅದಾವ. ಪ್ರತಿ ಮೂಲ್ಯಾಗ ಹೊರಗ ಹೋಗಾಕ ಎರಡ ದಾರಿ. ಒಂದಕ್ಕ ನೀಲಿ ಬಾಣ, ಒಂದಕ್ಕ ಹಳದಿ. ತನ್ನ ಓದಿನ ಸಲುವಾಗಿ ಅಕೀನ ಬಳದಾಳ. ನಾ ಒಂದು ಬಾಣದ ಮ್ಯಾಲೆ ಬೈಕ್ ನಿಲ್ಲಿಸಿದ್ದೆ, ಬೈದ್ಲು."

ನೀಲಿ. ಹಳದಿ. ನೀಲಾಂಬಿಕಾ ಎದ್ದು ನಿಂತಳು. ಅದು ಸೀರೆಯಲ್ಲ, ದಾರಿ!

"ನಿನ್ನ ಬಟ್ಟೆ ಯಾರು ಇಸ್ತ್ರಿ ಮಾಡೋದು?"

"ಇವರ ರೀ, ಆಂಟಿನ."

*

ಸಂಘಮಿತ್ರಾಳ ಪಿಎಚ್‌ಡಿ ಗೈಡ್ ಸೇತುರಾಮ ಇದ್ದದ್ದು ರಾಜಾಜಿನಗರದಲ್ಲಿ. ಬಾಣ ಹಾಕಿದ ದಾರಿಗಳ ಗಣಿತದಲ್ಲಿ ದೊಡ್ಡ ಹೆಸರು. ನೀಲಾಂಬಿಕಾ ನಾಲ್ಕು ಬಣ್ಣಗಳನ್ನು ಹೇಳುತ್ತಿದ್ದಂತೆ ಅವರ ಕಾಫಿ ಲೋಟ ತುಟಿಯ ಬಳಿಯೇ ನಿಂತಿತು.

"ಪ್ರಯೋಜನ ಇಲ್ಲಮ್ಮ" ಎಂದರು ಲೋಟ ಕೆಳಗಿಟ್ಟು. "ಎಲ್ಲಿಂದ ಹೊರಡ್ಬೇಕು ಅಂತ ಅವಳು ಹೇಳಿಲ್ವಲ್ಲ. ಐದು ಮೂಲೆಯಿಂದ ಹೊರಟ್ರೆ ಐದು ಕಡೆಗೆ ಹೋಗ್ತೀರ. ಸುಮ್ನೆ ಟೈಮ್ ವೇಸ್ಟ್."

ದೊಡ್ಡವರ ಮಾತು. ನೀಲಾಂಬಿಕಾಳ ಉತ್ಸಾಹ ಜರ್ರನೆ ಇಳಿಯಿತು. ಆದರೂ ಜೊತೆಗಿರಲಿ ಎಂದು ಅವರನ್ನು ಜೀಪಿನಲ್ಲಿ ಕೂರಿಸಿಕೊಂಡಳು.

*

ಮುನಿತಾಯಮ್ಮ ಯಾರ ಮಾತಿಗೂ ಕಾಯಲಿಲ್ಲ. ಗಾಡಿ ನಿಲ್ಲುವ ಮೂಲೆಯಿಂದಲೇ ಹೊರಟಳು. ಇನ್ನೇನು ಮಾಡಬೇಕಿತ್ತು ಪಾಪ, ಕೂತು ಅಳಬೇಕಿತ್ತೇ? ನೀಲಿ ಬಾಣ. ಮುಂದಿನ ಮೂಲೆಯಲ್ಲಿ ಹಳದಿ. ಮತ್ತೆ ಹಳದಿ. ಕೊನೆಗೆ ನೀಲಿ. ಚಪ್ಪಲಿ ಕಿತ್ತುಹೋಯಿತು. ಬರಿಗಾಲಲ್ಲೇ ಓಡಿ, ಬೀಗ ಹಾಕಿದ್ದ ಒಂದು ಮನೆಯ ಗೇಟಿನ ಮುಂದೆ ನಿಂತು "ಮಿತ್ರಾ!" ಎಂದು ಕೂಗಿದಳು. ಉತ್ತರ ಬರಲಿಲ್ಲ.

ನೀಲಾಂಬಿಕಾ ಕೂಡ ನೋಡೇಬಿಡೋಣ ಎಂದು ಜೀಪನ್ನು ಪಾರ್ಕಿನ ಮೂಲೆಯಿಂದ ಅದೇ ಬಣ್ಣಗಳ ಬಾಣ ಹಿಡಿದು ಓಡಿಸಿದಳು. ಅದೇ ಬಣ್ಣ ಹಿಡಿದು ಬಾ ಎಂದು ಹನುಮೇಶನನ್ನು ಬೈಕಿನಲ್ಲಿ ಇನ್ನೊಂದು ಮೂಲೆಗೆ ಅಟ್ಟಿದ್ದಳು. ಜೀಪು ಬಂದು ನಿಂತದ್ದು ಅದೇ ಗೇಟಿನ ಮುಂದೆ. ಮರುಕ್ಷಣ ಹನುಮೇಶನ ಬೈಕು ಬಂತು.

ಬೇರೆ ಬೇರೆ ಮೂಲೆಗಳಿಂದ ಹೊರಟಿದ್ದ ಮೂವರೂ ಒಂದೇ ಕಡೆ!

ಎದುರು ಮನೆಯ ಹೆಂಗಸು ಬಾಗಿಲಿಗೆ ಬಂದು ಜೀಪಿನೊಳಗೆ ಇಣುಕಿದಳು. "ಏನ್ ಮೇಷ್ಟ್ರೇ, ಬೆಳಿಗ್ಗೆ ಬಂದಿದ್ರಲ್ಲ, ಮತ್ತೆ ಬಂದ್ರಾ? ಅಕ್ಕನ ಮನೆ ಮಾರ್ತೀರಾ?"

ಸೇತುರಾಮರ ಕೈ ಜೇಬಿನ ಮೇಲೆ ಹೋಯಿತು.

"ಬೀಗದಕೈ ಕೊಡಿ ಸಾರ್" ಎಂದಳು ನೀಲಾಂಬಿಕಾ.

*

ಸ್ಟೋರ್ ರೂಮಿನ ಅಕ್ಕಿ ಡ್ರಮ್ಮಿಗೆ ಒರಗಿ ಸಂಘಮಿತ್ರಾ ಬಿದ್ದಿದ್ದಳು. ತುಟಿ ನೀಲಿಗಟ್ಟಿತ್ತು. ಮುನಿತಾಯಮ್ಮ ಇನ್‌ಹೇಲರನ್ನು ಅವಳ ಬಾಯಿಗಿಟ್ಟು ಒತ್ತಿದಳು. "ಎಳ್ಕೊ ಕಣೇ. ಎಳ್ಕೊ ನನ್ನಮ್ಮ." ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ಎದೆ ಒಮ್ಮೆ ಏರಿತು, ಕೊಯ್ಯುವಂಥ ಸದ್ದಿನೊಡನೆ. ಹನುಮೇಶ ಆಂಬುಲೆನ್ಸಿಗೆ ಫೋನ್ ಮಾಡುತ್ತಲೇ ಅತ್ತುಬಿಟ್ಟ.

"ಅವಳು ಕಂಡುಹಿಡಿದಿದ್ದನ್ನ ನಾನು ನನ್ನ ಹೆಸರಲ್ಲಿ ಅಚ್ಚು ಹಾಕಿಸ್ದೆ" ಎಂದರು ಸೇತುರಾಮ, ಗೋಡೆಗೆ ಒರಗಿ. "ಮಾತಾಡೋಣ ಬಾ ಅಂತ ಇಲ್ಲಿಗೆ ಕರೆಸ್ದೆ. ಯೂನಿವರ್ಸಿಟಿಗೆ ಕಂಪ್ಲೇಂಟ್ ಕೊಡ್ತೀನಿ ಅಂದ್ಲು. ಕೂಡಿ ಹಾಕ್ದೆ."

"ಏನು ಕಂಡುಹಿಡಿದಿದ್ಲು?"

ನೀಲಾಂಬಿಕಾಳೇ ಹೇಳಿದಳು. "ಬಾಣಗಳಿಗೆ ಬಣ್ಣ ಸರಿಯಾಗಿ ಹಂಚಿದ್ರೆ, ಎಲ್ಲಿಂದ ಹೊರಟ್ರೂ ಒಂದೇ ಕಡೆ ಸೇರ್ಸೋ ಬಣ್ಣಗಳ ಸಾಲು ಸಿಗುತ್ತೆ. ಅದೇ ತಾನೆ? ಗೊತ್ತಿದ್ದೂ ಆಗಲ್ಲ ಅಂದ್ರಿ. ನಮ್ಮನ್ನ ಇಲ್ಲಿಂದ ದೂರ ಇಡೋಕೆ. ಅವಳನ್ನ ಕೂಡಿ ಹಾಕಿದ್ದು ಹನುಮೇಶ ಆಗಿದ್ರೆ ಆ ಫೋನಲ್ಲೇ ಸಿಕ್ಕಿಬೀಳ್ತಾ ಇದ್ಲು. ಇಸ್ತ್ರಿ ಅಂದ ತಕ್ಷಣ ಅವನಿಗೆ ಅನುಮಾನ ಬರ್ತಿತ್ತು. ನೀವು ಸುಮ್ನೆ ಕೇಳಿಸ್ಕೊಂಡ್ರಿ."

ಸೇತುರಾಮ ತಲೆಯೆತ್ತಿದರು. "ಇಸ್ತ್ರಿಯಲ್ಲಿ ಏನಿತ್ತು?"

"ಇಷ್ಟು ವರ್ಷ ನಿಮ್ಮ ಕೈಕೆಳಗೆ ಓದಿದ್ಲು. ಅವಳ ತಾಯಿ ಏನು ಕೆಲಸ ಮಾಡ್ತಾರೆ ಸಾರ್?"

ಅವರಿಗೆ ಗೊತ್ತಿರಲಿಲ್ಲ.

ಹೊರಗೆ ಸ್ಟ್ರೆಚರಿನ ಮೇಲಿದ್ದ ಸಂಘಮಿತ್ರಾ ತಾಯಿಯ ರಕ್ತ ಸೋರುವ ಪಾದ ನೋಡಿ ಆಕ್ಸಿಜನ್ ಮಾಸ್ಕಿನೊಳಗಿಂದ ಏನೋ ಅಂದಳು. ಮುನಿತಾಯಮ್ಮ ಕಿವಿಯಿಟ್ಟಳು.

"ಎಲ್ಲಿಂದ ಹೊರಟೆ ಅಮ್ಮ?"

"ನಮ್ಮ ಗಾಡಿಯಿಂದ ಕಣೇ."

"ಎಲ್ಲಿಂದ ಆದ್ರೂ ಬರ್ತಿದ್ದೆ" ಎಂದಳು ಸಂಘಮಿತ್ರಾ. ಮುನಿತಾಯಮ್ಮ ಆಗ ಗಟ್ಟಿಯಾಗಿ ಅತ್ತಳು.